ಮಂಗಳವಾರದ ಭತ್ತ

ಶೂನ್ಯಮಾಸ. ಮದುವೆಗಳಿಲ್ಲ.
ಡ್ರೋನಿನ ಕಂತಿಗೆ ಮಾತ್ರ
ತಿಂಗಳು ತಿಂಗಳೂ ಮುಹೂರ್ತ.
ಚಪ್ಪರದ ಮೇಲೆ, ಮೆರವಣಿಗೆಯ ಮೇಲೆ,
ಅಕ್ಷತೆ ಬೀಳುವ ತಲೆಗಳ ಮೇಲೆ
ಸುತ್ತಿ ಸುತ್ತಿ ಬೇಸತ್ತಿದ್ದ ಅದನ್ನು
ಒಂದು ಬೆಳಿಗ್ಗೆ ಸುಮ್ಮನೆ
ದಾವಣಗೆರೆಯ ಮೇಲೆ ಬಿಟ್ಟೆ.

ಕೊಂಡಜ್ಜಿ ರಸ್ತೆಯಾಚೆ ಕೊಯ್ದ ಮೆಕ್ಕೆಜೋಳದ ಹೊಲ:
ನಮ್ಮಜ್ಜಿಯ ಸೀರಣಿಗೆ, ಹಲ್ಲು ಮುರಿದದ್ದು.
ಭದ್ರಾ ನಾಲೆ:
ದರ್ಜಿ ಅವಸರದಲ್ಲಿ ಹಾಕಿದ ಕಚ್ಚಾ ಹೊಲಿಗೆ.
ಕಲ್ಲು ತೆಗೆದ ಗುಂಡಿ ಕಿವಿಯಂತೆ ಇತ್ತು,
ಒಳಗೆ ಹಸಿರು ನೀರು.
ಕುರಿಹಿಂಡು ಚೆಲ್ಲಿದ ಎಳ್ಳು;
ನೆರಳು ಉದ್ದವಾದಾಗ ಮಾತ್ರ ಎಳ್ಳಿಗೆ ಕಾಲು ಬರುತ್ತಿತ್ತು.

ಇದು ಅದರ ಹಾಗೆ, ಅದು ಇದರ ಹಾಗೆ.
ಚಟ ಹತ್ತಿತು.
ಯಾವುದನ್ನೂ ಅದರ ಹೆಸರಿನಿಂದ ಕರೆಯಲಾಗದೆ
ವಾರಗಟ್ಟಲೆ ಆಕಾಶದಲ್ಲೇ ಇದ್ದೆ,
ಬ್ಯಾಟರಿ ಇರುವಷ್ಟು ಹೊತ್ತು.

ಆಮೇಲೆ ಮಂಡಕ್ಕಿ ಭಟ್ಟಿಗಳ ಸಾಲು.
ಕರಿ ತಗಡು, ಕರಿ ಗೋಡೆ, ಹೊಗೆ,
ಅದರ ನಡುವೆ ಕಣ್ಣು ಚುಚ್ಚುವಂತೆ
ಚೌಕಾಕಾರದ ಚಿನ್ನ:
ಬೇಯಿಸಿ ಹರವಿದ ಭತ್ತ.
ಅದರೊಳಗೆ ಇಬ್ಬರು ಹೆಂಗಸರು
ಕಾಲೆಳೆಯುತ್ತಾ, ಕಾಲೆಳೆಯುತ್ತಾ ಹೋಗಿ
ಕಾಳು ಮಗುಚಿದ ಗೆರೆಗಳು.
ಗೆರೆಯ ಪಕ್ಕ ಗೆರೆ, ಗೆರೆಯ ಪಕ್ಕ ಗೆರೆ,
ಬಲ ಮೂಲೆಯಲ್ಲಿ ಮಾತ್ರ
ಎಲ್ಲವೂ ಒಮ್ಮೆಗೇ ಬಾಗಿ, ಹೊರಳಿ, ಮತ್ತೆ ನೆಟ್ಟಗೆ.
ಬಾಗಿದಲ್ಲಿ ಒಂದು ಕಪ್ಪು ಚುಕ್ಕೆ, ಉದ್ದಿನ ಕಾಳಿನಷ್ಟು.
ಭಟ್ಟಿಯ ಮಸಿ ಲೆನ್ಸಿಗೆ ಹತ್ತಿದೆ ಎಂದುಕೊಂಡು
ಮನೆಗೆ ಬಂದು ಒರೆಸಿದೆ.
ಪಕ್ಕದ ಭತ್ತವನ್ನೇ ತೆಗೆದು ಅಲ್ಲಿ ತುಂಬುವುದು,
ಎರಡು ನಿಮಿಷದ ಕೆಲಸ.
ಮದುಮಕ್ಕಳ ಮೊಡವೆ ತೆಗೆದ ಕೈ ಇದು.

ಚಿತ್ರದುರ್ಗದಲ್ಲಿ ಪ್ರದರ್ಶನ.
ಪತ್ರ ಬರೆಯುವ ಮುದುಕರೊಬ್ಬರು ಕನ್ನಡಕ ಏರಿಸಿ,
'ಹೆಬ್ಬೆಟ್ಟು' ಎಂದರು, ಅನುಮಾನವೇ ಇಲ್ಲದೆ.
ಮೊಳಕಾಲ್ಮೂರಿನವರೊಬ್ಬರು ಸೆರಗು ಎಂದರು.
ಡ್ರಾಯಿಂಗ್ ಮೇಷ್ಟ್ರು ಪಾಲಯ್ಯ
ಬಾಗಿದ ಜಾಗಕ್ಕೆ ಬೆರಳಿಟ್ಟು,
'ನೋಡ್ರಿ, ಚಿತ್ರದ ಜೀವ ಇರೋದೇ ಇಲ್ಲಿ,
ಯಾಕೆ ಬಾಗೈತೆ ಅಂತ ಗೊತ್ತಾಗದ ಕಡೆ.'
ಎರಡನೇ ಬಹುಮಾನ. ಶಾಲು, ಐದು ಸಾವಿರ.

ಒಂದು ಪ್ರಿಂಟ್ ಸುತ್ತಿಕೊಂಡು ಭಟ್ಟಿಗೆ ಹೋದೆ.
ಮಾಬುನ್ನಿ ಕೈ ಒರೆಸಿಕೊಂಡು
ಚೀಲದ ಮೇಲೆ ಹರವಿ ನೋಡಿದಳು.
ಇದು ಏನಿನ ಹಾಗಿದೆ ಎಂದು ಕೇಳಿದೆ.
'ಹಾಗೆ ಏನು ಬಂತು?
ಮಂಗಳವಾರದ ಭತ್ತ ಇದು.
ಇವು ಶಮ್ಶಾದಳ ಸಾಲು, ಸಣ್ಣ ಹೆಜ್ಜೆ ಅವಳದು.
ಇವು ನನ್ನವು. ಎಡಗಾಲು ಎಳೀತೀನಲ್ಲ,
ಎಡಗಡೆ ಗೆರೆ ದಪ್ಪ ಐತೆ ನೋಡಣ್ಣ.'

ಬೆರಳು ಸಾಲು ಹಿಡಿದು ನಡೆಯಿತು,
ಮೂಲೆಗೆ ಬಂದು ನಿಂತಿತು.
'ಇಲ್ಲಿ ಮಲಗಿತ್ತಲ್ಲ, ಎಲ್ಲಿ?'
ಯಾವುದು?
'ಕರಿ ಕುನ್ನಿ. ಚಳಿ ಇತ್ತು ಅವತ್ತು,
ಭತ್ತ ಇನ್ನೂ ಬೆಚ್ಚಗಿತ್ತು, ಬಂದು ಮುದುಡಿಕೊಂಡಿತ್ತು.
ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಸುತ್ತಿ ಹೋದ್ವಿ.
ಅಲ್ಲಷ್ಟೇ ಒಣಗಲಿಲ್ಲ ಅಂತ
ಸಾಹುಕಾರ ಸಂಜೆ ಒದರಾಡಿದ.'

ನಾನೇನೂ ಹೇಳಲಿಲ್ಲ.
ಅವಳು ಚಿತ್ರವನ್ನು ತಿರುಗಿಸಿ ಹಿಂದೆ ನೋಡಿದಳು,
ಅಲ್ಲಿರಬಹುದೇನೋ ಎಂಬಂತೆ.

ರಾತ್ರಿ ಹಳೆಯ ಫೈಲು ತೆರೆದೆ.
ಚುಕ್ಕೆ ಇದೆ.
ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ.
ಕಪ್ಪು ಚೌಕ, ಕಂದು ಚೌಕ,
ಒಂದು ಕಡೆ ಕಿವಿ ಇರಬಹುದಾದ ಚೌಕ.
ಎಷ್ಟು ಎಳೆದರೂ ಅದು ನಾಯಿಯಾಗುವುದಿಲ್ಲ.

ಸುತ್ತಲಿನ ಗೆರೆಗಳು ಮಾತ್ರ
ಅದು ನಿದ್ದೆಯಲ್ಲಿದೆ ಎಂದು
ಮೆಲ್ಲಗೆ ಪಕ್ಕಕ್ಕೆ ಸರಿದು ಹೋಗುತ್ತಿವೆ,
ಒಂದು ತೆಳ್ಳಗೆ, ಒಂದು ದಪ್ಪ.